ನಾಲ್ಕನೇ ನಂಬರಿನ ಬೆನ್ನು

ದಾದಾಪೀರ್, ನಿನ್ನ ಮುಖ ಹೇಗಿದೆ ಎಂದು
ಯಾರಾದರೂ ಕೇಳಿದರೆ ತಡವರಿಸುತ್ತೇನೆ.
ಗೋಲಿನ ಬಾಯಲ್ಲಿ ನಿಂತು ಹದಿನಾರು ವರ್ಷ
ನಾನು ನೋಡಿದ್ದು ನಿನ್ನ ಬೆನ್ನು.
ಬೆವರು ಮೊದಲು ಒಡೆಯುವುದು ಎಡ ಹೆಗಲಿನ ಕೆಳಗೆ;
ಕಾದ ಕಾವಲಿಯ ಮೇಲೆ ಎಣ್ಣೆ ಹರಡಿದ ಹಾಗೆ
ಅದು ನಾಲ್ಕರ ಬಾಲ ಮುಟ್ಟುವ ಹೊತ್ತಿಗೆ
ಅರ್ಧ ಆಟದ ಸೀಟಿ.
ನನಗೆ ಬೇರೆ ಗಡಿಯಾರ ಬೇಕಾಗಿರಲಿಲ್ಲ.

ಇವತ್ತು ಹೈಸ್ಕೂಲ್ ಮೈದಾನದಲ್ಲಿ ಶಾಮಿಯಾನ,
ನಿನಗೆ ಶಾಲು, ಪೇಟ, ಹಣ್ಣಿನ ಬುಟ್ಟಿ.
ಮೈಕು ಹಿಡಿದವರೆಲ್ಲ ನಿನ್ನನ್ನು ಕೋಟೆ ಅಂದರು,
ದಾವಣಗೆರೆಯವರೆಗೆ ದುರ್ಗವನ್ನು ಎಳೆದು ತಂದು
ಏಳು ಸುತ್ತನ್ನೂ ಎಣಿಸಿದರು.
ದುರ್ಗದವನಾದ ನನಗೆ ನಗು.
ಕೋಟೆ ನಿಂತಲ್ಲೇ ನಿಲ್ಲುತ್ತದೆ ಸ್ವಾಮೀ,
ಇವನು ಹಿಂದಕ್ಕೆ ಓಡುತ್ತಿದ್ದ.
ಕಣ್ಣು ಎದುರಾಳಿಯ ಕೋಲಿನ ಮೇಲೆ, ಹಿಮ್ಮಡಿ ನನ್ನ ಕಡೆಗೆ,
ಬೀಗರಿಗೆ ದಾರಿ ಬಿಡುವವನಂತೆ
ಬಿಟ್ಟು, ಬಿಟ್ಟು, ಇನ್ನೂ ಒಂದು ಮಾರು ಬಿಟ್ಟು
ಕೊನೇ ಗೇಣಿನಲ್ಲಿ
ಬಿಡುತ್ತಿರಲಿಲ್ಲ.

ಆಮೇಲೆ ಲೆಕ್ಕ ಓದಿದರು:
ಪಂದ್ಯ ಇನ್ನೂರ ಹನ್ನೊಂದು, ಗೋಲು ಮೂರು.
ಮೂರಕ್ಕೆ ಬರಬೇಕಾದಷ್ಟೇ ಚಪ್ಪಾಳೆ ಬಂತು.
ಆಗದೆ ಹೋದ ಗೋಲುಗಳ ಪಟ್ಟಿ
ಯಾವ ಸ್ಕೋರರ್ ಹತ್ತಿರವೂ ಇಲ್ಲ,
ನನ್ನ ಹತ್ತಿರ ಇದೆ.

ಜಲಂಧರ್, ಡಿಸೆಂಬರ್, ಗೇಣುದ್ದ ಕಾಣದ ಮಂಜು.
ಚೆಂಡು ಬರುವ ಸದ್ದಿಗೆ ನೀನು ಕೋಲು ಚಾಚಿದ್ದೆ,
ಸಿಕ್ಕಿತು. ಹೇಗೆ ಅಂತ ನಾನು ಕೇಳಲಿಲ್ಲ, ನೀನು ಹೇಳಲಿಲ್ಲ.

ಭೋಪಾಲ್, ಪೆನಾಲ್ಟಿ ಕಾರ್ನರ್.
ಐದು ಜನ ಗೆರೆಗೆ ಬಾಗಿದ್ದೆವು.
ಚೆಂಡು ತಳ್ಳಿದ ಕ್ಷಣ ನನ್ನ ಪಕ್ಕದಿಂದ ಕಳಚಿ
ಕವಣೆ ಬಿಟ್ಟ ಕಲ್ಲಿನಂತೆ ಹೋದೆ ಫ್ಲಿಕ್ ಹೊಡೆಯುವವನ ಮುಖಕ್ಕೇ.
ಮೊಣಕಾಲ ಚಿಪ್ಪಿಗೆ ತೆಂಗಿನಕಾಯಿ ಒಡೆದ ಸದ್ದು.
ಬಿದ್ದಲ್ಲಿಂದಲೇ ಕೂಗಿದೆ, 'ಹೊರಗೆ ಹೋಯ್ತಾ?'
ನೀನು ಕೇಳಿದ್ದು ಚೆಂಡನ್ನು.

ಹುಬ್ಬಳ್ಳಿ. ಇದನ್ನು ಮೆಲ್ಲಗೆ ಓದುತ್ತೇನೆ.
ನನ್ನೆರಡು ಪ್ಯಾಡಿನ ನಡುವೆ ನುಸುಳಿದ್ದನ್ನು
ಗೆರೆಯ ಮೇಲೆ ಹೆಕ್ಕಿ ಎಸೆದವನು ನೀನು.
'ಗೋಲ್‌ಕೀಪರ್ ತಿಪ್ಪೇಶ್ ಅಮೋಘ ತಡೆ'
ಅಂತ ಮರುದಿನ ಪೇಪರಿನಲ್ಲಿ.
ಆ ತುಣುಕು ಇನ್ನೂ ಬ್ಯಾಗಿನಲ್ಲಿದೆ,
ನಾನು ತಿದ್ದಲಿಲ್ಲ.

ಹೋದದ್ದೂ ಉಂಟು. ರಾಂಚಿ, ಕೊನೇ ನಿಮಿಷ,
ಮೆತ್ತಗೆ ಉರುಳಿ ಬರುತ್ತಿದ್ದ ಚೆಂಡು.
'ಬಿಡು, ನಂದು' ಅಂತ ಕೂಗಿದವನು ನಾನೇ.
ನೀನು ಬಿಟ್ಟೆ.
ಕೋಚಿನ ಮುಂದೆ ನೀನು ಹೇಳಿದ್ದು:
'ಅಂದಾಜು ತಪ್ಪಿತು ಸರ್, ನನ್ನದೇ.'
ವಾಪಸಿನ ರೈಲಿನಲ್ಲಿ ಎರಡು ರಾತ್ರಿ
ಮೇಲಿನ ಬರ್ತಿನಲ್ಲಿ ಗೋಡೆಗೆ ಮುಖ ಮಾಡಿ ಮಲಗಿದ್ದೆ.
ಆಗಲೂ ಬೆನ್ನು.

ಸಭೆ ಮುಗಿದು ಮಂಡಕ್ಕಿ ಭಟ್ಟಿಯ ಓಣಿಗೆ ಬಂದೆವು.
ನಿನ್ನಣ್ಣ ಕಾದ ಮರಳಿಗೆ ಅಕ್ಕಿ ಸುರಿದು
ಅರಳಿದ್ದನ್ನು ಜರಡಿಗೆ ಎತ್ತುತ್ತಿದ್ದ.
ಭಟ್ಟಿ ಕೆದಕುವ ಕೋಲೇ ನಿನ್ನ ಮೊದಲ ಹಾಕಿ ಸ್ಟಿಕ್ಕಂತೆ,
ತುದಿ ಸುಟ್ಟಿತ್ತಂತೆ; ಇದನ್ನೂ ಅವನೇ ಹೇಳಿದ.

'ನಾಳೆಯಿಂದ ನಿನ್ನ ಮುಂದೆ ಯಾರು?' ಅಂದೆ.
ಜಗಳೂರಿನ ಹುಡುಗ. ಕಾಲು ಚುರುಕು,
ಆದರೆ ನಾನು ಕೂಗಿದರೆ ತಿರುಗಿ ನೋಡುತ್ತಾನೆ.
'ತಿರುಗಬಾರದು' ಅಂದು
ನೀನು ತಿರುಗಿದೆ.

ಹೊಟ್ಟಿನ ಬೆಂಕಿಯ ಬೆಳಕಲ್ಲಿ ಕಂಡೆ:
ಎರಡು ಸಲ ಮುರಿದು ಒಂದು ಕಡೆ ಕೂತ ಮೂಗು,
ಗದ್ದದ ಹೊಲಿಗೆ, ಹುಬ್ಬನ್ನು ಕಡಿದ ಬಿಳಿ ಗೆರೆ,
ನಾಲಿಗೆ ಸೇರುವ ಹಲ್ಲಿನ ಜಾಗ.
ಒಂದೊಂದರ ಸದ್ದೂ ನನಗೆ ಗೊತ್ತಿತ್ತು,
ಊರೂ ಗೊತ್ತಿತ್ತು,
ಗಾಯ ಕಂಡದ್ದು ಈಗ.

'ಏನು ಹಂಗೆ ನೋಡ್ತೀಯ ತಿಪ್ಪ,
ಮೆಣಸಿನಕಾಯಿ ತಗೋ, ಆರಿ ಹೋಗುತ್ತೆ.'